ಇನ್ನೂರ ಹನ್ನೆರಡು ಫೋಟೋ ಸಣ್ಣ ಮಾಡಿದ್ದು

ಬಿಸಿಲು ಏರಿತೆಂದರೆ ನಮ್ಮ ಅಂಗಳದಲ್ಲಿ ಒಂದು ವಾಸನೆ ಏಳುತ್ತದೆ. ಸೀಮೆಎಣ್ಣೆಯದೂ ಅಲ್ಲ, ಹೊಸ ಚಪ್ಪಲಿಯದೂ ಅಲ್ಲ, ಎರಡನ್ನೂ ಒಂದೇ ಡಬ್ಬಿಯೊಳಗೆ ಹಾಕಿ ಬಿಸಿಲಿಗೆ ಇಟ್ಟರೆ ಹೇಗಿರಬೇಕೋ ಹಾಗೆ. ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಕುರ್ಚಿ ಇನ್ನಷ್ಟು ಹತ್ತಿರ ಎಳೆದುಕೊಂಡು ಕೂರುತ್ತೇನೆ. ಅದು ನನ್ನ ಮೊಮ್ಮಗಳ ಫ್ಲೆಕ್ಸಿನ ವಾಸನೆ. ಆರು ಫೂಟು ಉದ್ದ, ನಾಲ್ಕು ಫೂಟು ಅಗಲ. ಸದ್ಯ ನನ್ನ ಹಳೇ ಮೊಪೆಡ್ಡಿಗೆ ಹೊದಿಕೆ. ಅದರ ಮೇಲೆ ಕೂಸಿನ ಮುಖ ಎಲ್ಲಿದೆ ಎಂದು ಕೇಳಬೇಡಿ. ದೂರ ನಿಂತು ಕಣ್ಣು ಕಿರಿದು ಮಾಡಿದರೆ ಹಂಚಿನ ಮೇಲಿನ ರೊಟ್ಟಿ ಕಂಡಂತಾಗುತ್ತದೆ. ಹತ್ತಿರ ಬಂದರೆ ಅದೂ ಇಲ್ಲ, ಬರೀ ಚೌಕ ಚೌಕ. ಎದುರುಮನೆಯ ಮಾಸ್ತರರು ಮೊದಲ ದಿನ ಬಹಳ ಹೊತ್ತು ನೋಡಿ, "ಯಾವ ಹೊಲದ ನಕಾಶೆ ರೀ ಇದು?" ಎಂದಿದ್ದರು. ಓದಿದವರು, ಅವರ ತಪ್ಪಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ನಲವತ್ತು ವರ್ಷ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಮಷೀನಿನ ಮುಂದೆ ನಿಂತವನು. ಒಂದು ಕಡೆ ಭತ್ತ ಹಾಕಿ ಇನ್ನೊಂದು ಕಡೆ ಅಕ್ಕಿ ಹಿಡಿದವನು. ಗಿರಣಿಯ ಗದ್ದಲದಲ್ಲಿ ಒಂದು ಕಿವಿ ಅರ್ಧ ಹೋಯಿತು. ನಮ್ಮ ಮನೆಯಾಕೆ ಹೇಳುವ ಪ್ರಕಾರ, ಹೋಗಿರುವುದು ಆಕೆ ಮಾತಾಡುವ ಕಡೆಯ ಕಿವಿಯೇ. ಇಂಥ ನನಗೆ ಹೋದ ವರ್ಷ ಮಗಳ ಹೊಟ್ಟೆಯಲ್ಲಿ ಮೊಮ್ಮಗಳು ಹುಟ್ಟಿದಳು. ಲೋಕದಲ್ಲಿ ಅದಕ್ಕೆ ಮುಂಚೆಯೂ ಮೊಮ್ಮಕ್ಕಳು ಹುಟ್ಟಿದ್ದಾರೆ ಎಂದು ಜನ ಹೇಳುತ್ತಾರೆ. ಇರಬಹುದು. ನಾನು ನೋಡಿಲ್ಲ.

ಕೂಸು ಆಕಳಿಸಿದರೆ ಒಂದು ಫೋಟೋ, ಆಕಳಿಕೆ ನಿಂತರೆ ಒಂದು ಫೋಟೋ. ಮಲಗಿದ್ದು, ಎದ್ದದ್ದು, ಮತ್ತೆ ಮಲಗಿದ್ದು. ಮೂರು ತಿಂಗಳಲ್ಲಿ ಇನ್ನೂರ ಹನ್ನೆರಡು ಆದವು. ನನ್ನ ಮದುವೆಯದು ಒಂದೇ ಫೋಟೋ ಇದೆ, ಅದರಲ್ಲೂ ಅರ್ಧ ನಮ್ಮ ಸೋದರಮಾವ ತಲೆಗೆ ಸುತ್ತಿದ ಪಟಗ. ಆ ಲೆಕ್ಕಕ್ಕೆ ಕೂಸು ಮೂರೇ ತಿಂಗಳಲ್ಲಿ ನನಗಿಂತ ಎಷ್ಟೋ ಮುಂದೆ ಹೋಗಿತ್ತು.

ಇನ್ನು ಕೂದಲಿನ ಮಾತು ಹೇಳಬೇಕು, ಎಲ್ಲಾ ರಗಳೆ ಅಲ್ಲಿಂದಲೇ. ಕೂಸು ಹುಟ್ಟುವಾಗಲೇ ತಲೆ ತುಂಬ ಗುಂಗುರು ಕೂದಲು ಹೊತ್ತು ಬಂದಿತ್ತು. ಸಣ್ಣ ಸಣ್ಣ ಉಂಗುರ, ಒಂದರೊಳಗೊಂದು. ನಮ್ಮ ಅವ್ವನಿಗೆ ವಯಸ್ಸಿನಲ್ಲಿ ಇಂಥದೇ ಕೂದಲು. ಆಕೆ ಹೆತ್ತ ನಾವು ನಾಲ್ವರು, ನಮ್ಮ ಮಕ್ಕಳು, ಎಲ್ಲರ ತಲೆಯೂ ಜೋಳದ ದಂಟಿನಂತೆ ನೆಟ್ಟಗೆ. "ನನ್ನ ಗುಂಗುರು ನನ್ನ ಹಿಂದೇ ಸುಡುಗಾಡಿಗೆ ಬರ್ತಾವ" ಎಂದು ಅವ್ವ ಯಾರ ತಲೆ ಬಾಚುವಾಗಲೂ ಹೇಳುತ್ತಿದ್ದಳು, ಬಾಚಣಿಗೆ ಸ್ವಲ್ಪ ಜೋರಾಗಿಯೇ ಎಳೆಯುತ್ತ. ಆದ್ದರಿಂದ ಆಸ್ಪತ್ರೆಯಿಂದಲೇ ಚೀಕಲಪರ್ವಿಗೆ ಫೋನು ಹಚ್ಚಿದೆ. ಅವ್ವ ಅಲ್ಲಿ ನನ್ನ ತಮ್ಮನ ಮನೆಯಲ್ಲಿ ಇರುತ್ತಾಳೆ.

"ಯವ್ವಾ, ನಿನ್ನ ಗುಂಗುರು ಬಂದಾವ!"

"ಎಣ್ಣಿ ಹಚ್ಚಿರಬೇಕು. ಎಣ್ಣಿ ಹಚ್ಚಿದ್ರ ಎಲ್ಲಾ ಕೂಸಿಂದೂ ಹಂಗೇ ಕಾಣತದ."

"ಇಲ್ಲ ಬೇ, ಈಗಷ್ಟೇ ಹುಟ್ಟ್ಯಾಳ. ಎಣ್ಣಿ ಎಲ್ಲಿಂದ ಬರಬೇಕು?"

"ನಾ ಕಣ್ಣಿಲೇ ನೋಡೋತನ ನಂಬಂಗಿಲ್ಲ."

ಕಣ್ಣೆಂದರೆ ಆಗ ಅವ್ವನಿಗೆ ಒಂದೇ ಉಳಿದಿತ್ತು. ಅದೂ ದಿನಕ್ಕಿಷ್ಟು ಎಂದು ಮಂಜಾಗುತ್ತಿತ್ತು. ರಾಯಚೂರಿನ ಡಾಕ್ಟರು, "ಇದಕ್ಕ ಔಷಧ ಇಲ್ರಿ, ನೋಡಬೇಕಾದ್ದು ಲಗೂನ ನೋಡಿಬಿಡ್ಲಿ" ಎಂದಿದ್ದರು. ಹಾಗಾದರೆ ಕೂಸನ್ನೇ ಒಯ್ದು ತೋರಿಸಬಹುದಿತ್ತಲ್ಲ ಎನ್ನುತ್ತೀರಿ. ಜವಳ ತೆಗೆಯುವವರೆಗೆ, ಅಂದರೆ ಹುಟ್ಟುಗೂದಲು ದೇವರಿಗೆ ಕೊಡುವವರೆಗೆ, ಕೂಸನ್ನು ಹೊಳೆದಂಡೆಯ ಊರಿಗೆ ಒಯ್ಯಬಾರದೆಂದು ನಮ್ಮ ಮನೆತನದಲ್ಲಿ ಕಟ್ಟು. ಚೀಕಲಪರ್ವಿ ಇರುವುದೇ ತುಂಗಭದ್ರೆಯ ದಂಡೆಗೆ. ಅವ್ವನಿಗೆ ಟೊಂಕ ಹಿಡಿದು ಬಸ್ಸು ಹತ್ತಲಾಗುವುದಿಲ್ಲ. ಕಟ್ಟು ಸಡಿಲಿಸೋಣವೆಂದರೆ, ಅದನ್ನು ಐವತ್ತು ವರ್ಷದಿಂದ ಬಿಗಿ ಮಾಡಿ ಕಾಯ್ದವಳು ಬೇರೆ ಯಾರೂ ಅಲ್ಲ, ಅವ್ವನೇ. "ನನ್ನ ಸಲುವಾಗಿ ಮುರೀತೀರೇನು?" ಎಂದು ನನಗೇ ಬೈದಳು.

ಐದನೇ ತಿಂಗಳಿಗೆ ಜವಳ ಆಯಿತು. ನನ್ನ ಮಗ, ಸೋದರಮಾವನೆಂಬ ಗತ್ತಿನಲ್ಲಿ, ಮೊದಲ ಕತ್ತರಿ ಹಾಕಿದ. ಮರುದಿನವೇ ಕೂಸನ್ನು ಚೀಕಲಪರ್ವಿಗೆ ಒಯ್ದೆವು. ಅವ್ವ ತೊಡೆಯ ಮೇಲೆ ಹಾಕಿಕೊಂಡು ತಲೆ ಸವರಿದಳು. ತಲೆ ಬೆಲ್ಲದ ಅಚ್ಚಿನಷ್ಟು ನುಣ್ಣಗಿತ್ತು.

"ಎಲ್ಲೋ ಗುಂಗುರು?"

"ಜವಳ ಆಯ್ತಲ್ಲ ಬೇ."

"ಚಲೋ ಆತು ಬಿಡು. ಸುಳ್ಳು ಹೇಳಾಕ ಕೂಸಿನ ತಲಿನೂ ಬೋಳಿಸಿ ತಂದಿ."

ಮೊಬೈಲು ತೆಗೆದು ಫೋಟೋ ಹಿಡಿದೆ. ಅಂಗೈಯಷ್ಟು ಗಾಜಿನಲ್ಲಿ ಆಕೆಗೆ ಏನು ಕಂಡೀತು? "ಬಸ್ ಸ್ಟ್ಯಾಂಡಿನ್ಯಾಗ ಆ ಮಂದಿ ಫೋಟೋ ಹಚ್ಚಿರ್ತಾರಲ್ಲ ದೊಡ್ಡ ದೊಡ್ಡವು, ಅವು ಬಿಸಿಲಿನ್ಯಾಗ ಒಂಚೂರು ಕಾಣತಾವ" ಎಂದಳು. ಇಷ್ಟು ಸಾಕಾಯಿತು ನನಗೆ. ನಮ್ಮ ಮಾನ್ವಿಯಲ್ಲಿ ಮೀಸೆ ಮೂಡದ ಹುಡುಗರಿಗೂ ಹುಟ್ಟುಹಬ್ಬದ ಫ್ಲೆಕ್ಸು ಇರುತ್ತದೆ, ಕೆಳಗೆ ಶುಭ ಕೋರುವ ಇಪ್ಪತ್ತು ತಲೆಗಳು. ಜಗತ್ತಿನ ಏಕೈಕ ಮೊಮ್ಮಗಳಿಗೆ ಒಂದಿರಬಾರದೇ?

ಇಲ್ಲಿ ನಮ್ಮ ಅಳಿಯಂದಿರನ್ನು ಪರಿಚಯ ಮಾಡಿಸಬೇಕು. ದೇವದುರ್ಗದ ಸಾಲೆಯಲ್ಲಿ ಮಾಸ್ತರರು, ಮೂಲ ಜಾಲಹಳ್ಳಿಯವರು. ಬಂಗಾರದಂಥ ಮನುಷ್ಯ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಗೊತ್ತಿರಲಿಲ್ಲ, ಏಕೆಂದರೆ ನಾವಿಬ್ಬರು ಮಾತಾಡಿಯೇ ಇರಲಿಲ್ಲ. ಜಗಳವಲ್ಲ, ಮರ್ಯಾದೆ. ಅವರು ಬಂದರೆ ನಾನು "ಬರ್ರಿ" ಎನ್ನಬೇಕು, ಅವರು ನೆಲ ನೋಡುತ್ತ "ಹೂಂ ರೀ" ಎನ್ನಬೇಕು. ಹೋಗುವಾಗ "ಹೋಗಿ ಬರ್ರಿ", "ಹೂಂ ರೀ". ಮೂರು ವರ್ಷದಲ್ಲಿ ನಮ್ಮ ಮಾತುಕತೆ ಒಂದು ಪೋಸ್ಟ್ ಕಾರ್ಡಿನಲ್ಲಿ ಹಿಡಿಸುತ್ತಿತ್ತು. ಮಿಕ್ಕಿದ್ದೆಲ್ಲ ಅವರಿಂದ ಮಗಳಿಗೆ, ಮಗಳಿಂದ ನಮ್ಮ ಮನೆಯಾಕೆಗೆ, ಆಕೆಯಿಂದ ನನ್ನ ಅರ್ಧ ಕಿವಿಗೆ. ದಾರಿಯಲ್ಲಿ ಪ್ರತಿಯೊಬ್ಬರೂ ತಮಗೆ ಬೇಡವೆನಿಸಿದ್ದನ್ನು ಇಳಿಸಿ ಮುಂದೆ ಕಳಿಸುತ್ತಿದ್ದರು.

ಕೂಸಿಗೆ ಮೂರು ತಿಂಗಳಿದ್ದಾಗ, ಜವಳಕ್ಕೂ ಮುಂಚೆ, ನನ್ನ ಮೊಬೈಲು ತುಂಬಿಹೋಗಿತ್ತು. ದಿನಕ್ಕೆ ನಾಲ್ಕು ಸಲ "ಜಾಗ ಇಲ್ಲ, ಜಾಗ ಇಲ್ಲ" ಎಂದು ಬಸ್ ಕಂಡಕ್ಟರನಂತೆ ಕೂಗುತ್ತಿತ್ತು. ಸಿಗ್ನಲ್ ಸರಿಯಿಲ್ಲದ ಊರಿನ ಬೀಗರಿಗೆ ಒಂದೊಂದು ಫೋಟೋ ಹೋಗಲಿಕ್ಕೂ ಒಂದೊಂದು ಊಟದ ಹೊತ್ತು. ಅಳಿಯಂದಿರು ಒಂದು ಭಾನುವಾರ ಲ್ಯಾಪ್‌ಟಾಪು ತಂದು, ನನ್ನ ಮೊಬೈಲಿಗೆ ವಾಯರು ಹಚ್ಚಿ, ಏನೋ ಒತ್ತಿ, ಚಹಾ ಕುಡಿಯುವುದರೊಳಗೆ ಇನ್ನೂರ ಹನ್ನೆರಡನ್ನೂ ಒಮ್ಮೆಲೇ ಸಣ್ಣ ಮಾಡಿದರು. ಸುದ್ದಿ ಮೂರು ಬಾಯಿ ದಾಟಿ ನನಗೆ ಮುಟ್ಟಿದ್ದು ಹೀಗೆ: "ಸಣ್ಣ ಮಾಡ್ಯಾರಂತ."

ನಾನು ಹಿಗ್ಗಿದೆ. ಆ ಸಣ್ಣ ಫೋಟೋಗಳು ಎಷ್ಟು ಹಗುರವಾಗಿದ್ದವೆಂದರೆ, ಊದಿದರೆ ಸಿರವಾರಕ್ಕೆ ಹೋಗುತ್ತಿದ್ದವು. ಕಂಡ ಕಂಡವರಿಗೆಲ್ಲ ಕಳಿಸಿದೆ. ಹಮಾಲರಿಗೆ, ಹಳೇ ಮಾಲಕರಿಗೆ, ಗ್ಯಾಸ್ ತರುವವನಿಗೆ. ಎಲ್ಲರೂ ಹೆಬ್ಬೆರಳು ಎತ್ತಿ ತೋರಿಸಿದರು. ಹನ್ನೊಂದನೇ ದಿನಕ್ಕೆ ಕೆಲವರು ಹೆಬ್ಬೆರಳನ್ನೂ ತೋರಿಸಲಿಲ್ಲ. ಹೊಟ್ಟೆಕಿಚ್ಚು, ಇನ್ನೇನು.

ಈಗ ಜವಳವಾದ ಮೇಲೆ ಅವೇ ಫೋಟೋಗಳಲ್ಲಿ ಒಂದನ್ನು ಆರಿಸಿ ಫ್ಲೆಕ್ಸ್ ಅಂಗಡಿಯ ಮಹಬೂಬನ ಕಡೆ ಒಯ್ದೆ. ಕೂಸು ಬೋರಲು ಮಲಗಿ ತಲೆ ಎತ್ತಿದ್ದು, ಕೂದಲಿನ ಪ್ರತಿ ಉಂಗುರವೂ ಎಣಿಸಬೇಕು ಹಾಗೆ. ಆತ ಅದನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ತಲೆ ಕೆರೆದುಕೊಂಡ.

"ಚಾಚಾ, ಇದು ಒಡೀತದ್ರಿ."

"ಗಾಜೇನು ಅದು, ಒಡ್ಯಾಕ?"

"ಯಾರೋ ಸಣ್ಣ ಮಾಡ್ಯಾರ್ರೀ ಇದನ್ನ. ಒಳಗಿನ ಸರಕೇ ತಗದುಬಿಟ್ಟಾರ. ಮೊಬೈಲಿನ್ಯಾಗ ನೋಡಾಕ ಚಲೋ, ಆರು ಫೂಟಿಗೆ ಹಿಗ್ಗಿಸಿದ್ರ ಬರೇ ಚೌಕ ಚೌಕ, ಗ್ವಾಡಿ ಇಟ್ಟಂಗಿ ಕಂಡಂಗ ಕಾಣತಾವ. ಮದಲಿಂದು, ಒರಿಜಿನಲ್ ತರ್ರಿ."

"ನೀ ಹಾಕು. ನನ್ನ ಮೊಮ್ಮಗಳು ಒಡ್ಯಾಕಿ ಅಲ್ಲ."

ಆತ ಹಾಕಿದ. ಹೇಗೆ ಬಂತೆಂದು ಮೊಪೆಡ್ಡಿನ ಮೇಲೆ ನೋಡಿದಿರಲ್ಲ.

ಮೊಬೈಲು ಪೂರ್ತಿ ಹುಡುಕಿದೆ. ಎಲ್ಲಾ ಸಣ್ಣವೇ. ಬಂಧುಬಳಗದ ಮೊಬೈಲು ಹುಡುಕಿಸಿದೆ. ಅಲ್ಲಿ ಇದ್ದದ್ದೂ ನಾನೇ ಹಂಚಿದ ಹಗುರ ಸರಕು. ಒರಿಜಿನಲ್ ಒಂದೂ ಉಳಿದಿರಲಿಲ್ಲ. ಕೂಸಿನ ತಲೆಯ ಮೇಲಿನ ಗುಂಗುರು ದೇವರ ಪಾಲು, ಫೋಟೋದೊಳಗಿನ ಗುಂಗುರು ಅಳಿಯಂದಿರ ಪಾಲು. ಓದಿದವರು! ಸಣ್ಣ ಮಾಡುವ ಮುಂಚೆ ಹಳೆಯದನ್ನು ಒಂದು ಕಡೆ ತೆಗೆದಿಡಬೇಕೆಂಬ ಬುದ್ಧಿ ಬೇಡವೇ? ಗಿರಣಿಯಲ್ಲಿ ಹೊಸದಾಗಿ ಸೇರಿದ ಹಮಾಲನಿಗೂ ಗೊತ್ತು, ಬೀಜದ ಭತ್ತ ಬೇರೆ ಇಟ್ಟು ಮಿಕ್ಕದ್ದನ್ನು ಮಷೀನಿಗೆ ಸುರಿಯಬೇಕೆಂದು. ಒಮ್ಮೆ ಅಕ್ಕಿಯಾದದ್ದಕ್ಕೆ ಮತ್ತೆ ಹೊಟ್ಟು ತೊಡಿಸಿ ಹೊಲಕ್ಕೆ ಒಯ್ಯಲಿಕ್ಕೆ ಆಗುತ್ತದೆಯೇ?

ಇಷ್ಟೆಲ್ಲ ಮನಸ್ಸಿನಲ್ಲಿ ಅಂದೆ. ಬಾಯಲ್ಲಿ ಒಂದಕ್ಷರ ಇಲ್ಲ. ಅಳಿಯನ ತಪ್ಪು ಎತ್ತಿ ಆಡುವ ಮನೆತನ ನಮ್ಮದಲ್ಲ. ಮಗಳು, "ಅವರನ್ನ ಒಂದ್ ಮಾತು ಕೇಳ್ಲೇನಪ್ಪಾ?" ಎಂದರೆ, "ಬ್ಯಾಡವ್ವಾ, ಪಾಪ, ನೊಂದ್ಕೋತಾರ. ಹೋಗಿದ್ದು ಹೋತು" ಎಂದೆ, ಎಲ್ಲರಿಗೂ ಕೇಳುವಷ್ಟು ಜೋರಾಗಿ. ಅಳಿಯಂದಿರು ಬಂದರೆ ಮಾಮೂಲಿಗಿಂತ ಹೆಚ್ಚು ಮರ್ಯಾದೆಯಿಂದ "ಬರ್ರಿ" ಎಂದೆ. ಅವರು ಗಾಬರಿಯಾಗಿ ಎರಡು ಸಲ "ಹೂಂ ರೀ" ಎಂದರು. ನನ್ನ ದೊಡ್ಡ ಮನಸ್ಸನ್ನು ನಾನೇ ಮೆಚ್ಚಿಕೊಳ್ಳುತ್ತ ಹದಿನೆಂಟು ದಿನ ಕಳೆದೆ. ಆ ಹದಿನೆಂಟು ದಿನದಲ್ಲಿ ಅವ್ವನ ಕಣ್ಣು ಎಷ್ಟು ಹೋಯಿತೋ, ಅದನ್ನು ಮಾತ್ರ ನಾನು ನೋಡಲಿಲ್ಲ.

ಕಡೆಗೆ ಆ ಒಡೆದ ಫ್ಲೆಕ್ಸನ್ನೇ ಸುತ್ತಿಕೊಂಡು ಚೀಕಲಪರ್ವಿಗೆ ಹೋದೆ. ದನದ ಕೊಟ್ಟಿಗೆಯ ಗೋಡೆಗೆ ಬಿಸಿಲಿಗೆ ಹಚ್ಚಿದೆ. ಅವ್ವ ಮೂಗು ತಾಗುವಷ್ಟು ಹತ್ತಿರ ನಿಂತು ಈ ತುದಿಯಿಂದ ಆ ತುದಿಗೆ ಹೋದಳು, ಮತ್ತೆ ಈ ತುದಿಗೆ ಬಂದಳು.

"ಇದು ಕೂಸೇನೋ, ಜಮಖಾನೇನೋ?"

ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಇನ್ನೊಮ್ಮೆ ನೋಡಿದಳು. "ನನ್ನ ಕಣ್ಣೇ ಪೂರಾ ಹೋಗ್ಯದ ಅನಸ್ತದ ಬಿಡಪ್ಪಾ" ಎಂದಳು, ಮೆಲ್ಲಗೆ. ಜಗಳದ ದನಿಯಲ್ಲಿ ಅಂದಿದ್ದರೆ ತಾಳಿಕೊಳ್ಳುತ್ತಿದ್ದೆ.

"ನಿನ್ನ ಕಣ್ಣಲ್ಲ ಬೇ. ಫೋಟೋನೇ ಹಂಗದ. ಅಳಿಯಂದ್ರು ಸಣ್ಣ ಮಾಡಿಬಿಟ್ಟಾರ."

"ಹಚ್ಚು ಫೋನು."

"ಯಾರಿಗಿ?"

"ಅಳಿಯಗ."

"ಯವ್ವಾ, ಅವ್ರಿಗಿ ಹಂಗೆಲ್ಲ ಕೇಳಬಾರ್ದು, ಏನಂತಾರ..."

"ನಿನಗ ಅಳಿಯ, ನನಗ ಹುಡುಗ. ಹಚ್ಚಂದ್ರ ಹಚ್ಚು."

ಹಚ್ಚಿದೆ. ಎಲ್ಲರಿಗೂ ಕೇಳುವಂತೆ ಸ್ಪೀಕರಿನಲ್ಲಿ. ಹದಿನೆಂಟು ದಿನ ಮನೆತನದ ಮರ್ಯಾದೆಯಾಗಿ ನಾನು ಹೊತ್ತು ತಿರುಗಿದ್ದನ್ನು ಅವ್ವ ಒಂದೇ ಉಸಿರಿನಲ್ಲಿ ಇಳಿಸಿದಳು.

"ಯಪ್ಪಾ, ಕೂಸಿನ ಕೂದಲು ಎಲ್ಲಿ ಒಯ್ದಿ?"

ಅಳಿಯಂದಿರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ನಕ್ಕರು. ಅವರು ನಗುತ್ತಾರೆಂದು ನನಗೆ ಅಂದೇ ಗೊತ್ತಾದದ್ದು.

"ಅಯ್ಯ, ಎಲ್ಲಾ ಅದಾವಲ್ಲಮ್ಮಾ! ನಾ ಮದಲಾ ಎಲ್ಲಾನೂ ಹಂಗಿಂದ ಹಂಗೇ ಒಂದು ಕಾಪಿ ನನ್ನ ಲ್ಯಾಪ್‌ಟಾಪಿನ್ಯಾಗ ಇಟ್ಕೊಂಡೀನಿ. ಆಮ್ಯಾಲ ಮೊಬೈಲಿನ್ಯಾಗ 'ಸಣ್ಣವು' ಅಂತ ಬ್ಯಾರೆ ಫೋಲ್ಡರ್ ಮಾಡಿ, ಸಣ್ಣ ಮಾಡಿದ್ದು ಅದರಾಗ ಹಾಕೀನಿ. ಮಾವನವರನ್ನ ಕೇಳದ ತಗ್ಯಾಕ ಆಗಂಗಿಲ್ಲ ಅಂತ ಅವರ ಮೊಬೈಲಿನ್ಯಾಗಿನ ದೊಡ್ಡವು ಒಂದೂ ಮುಟ್ಟಿಲ್ರಿ."

"ಹಂಗಾರ ಇವನ ಮೊಬೈಲಿನ್ಯಾಗಿನವು ಎಲ್ಲಿ ಹೋದ್ವು?"

ನಾನು ಸ್ಪೀಕರು ಬಂದ್ ಮಾಡುವ ಗುಂಡಿ ಹುಡುಕತೊಡಗಿದೆ. ಏಕೆಂದರೆ, ಓದುಗರೇ, ಇಷ್ಟು ಹೊತ್ತು ನಿಮಗೂ ಹೇಳದ ಒಂದು ಸಂಗತಿ ಆಗ ನನಗೆ ನೆನಪಾಗಿತ್ತು. ಅಳಿಯಂದಿರು ಲ್ಯಾಪ್‌ಟಾಪು ಮುಚ್ಚಿಕೊಂಡು ಹೋದ ಮಾರನೇ ದಿನ ನಾನು ಮೊಬೈಲು ತೆಗೆದರೆ, ಪ್ರತಿ ಫೋಟೋ ಎರಡೆರಡು ಇದ್ದವು. ಒಂದು ಹಗುರ, ಒಂದು ಭಾರ. "ಇದೆಂಥ ದಡ್ಡತನ, ಒಂದೇ ಮಾಲು ಎರಡು ಕಡೆ!" ಎಂದು ನಾನೇ, ನನ್ನದೇ ಹೆಬ್ಬೆರಳಿನಿಂದ, ಭಾರದವನ್ನೆಲ್ಲ ಒಂದೊಂದಾಗಿ ಆರಿಸಿ ಅಳಿಸಿದ್ದೆ. ಮೊಬೈಲು ಪಾಪ ಪ್ರತಿ ಸಲವೂ "ಖಚಿತವೇ?" ಎಂದು ಕೇಳಿತ್ತು. ಪ್ರತಿ ಸಲವೂ ನಾನು ಬಹಳ ಖಚಿತವಾಗಿದ್ದೆ. ನಲವತ್ತು ವರ್ಷ ಭತ್ತ ಕಂಡವನು ಬೀಜದ ಮೂಟೆಯನ್ನೇ ಹೊಟ್ಟೆಂದು ತಿಪ್ಪೆಗೆ ಸುರಿದು, ಜಾಗ ಸ್ವಚ್ಛವಾಯಿತೆಂದು ಚಹಾ ಕುಡಿದಿದ್ದೆ.

ಅಳಿಯಂದಿರಿಗೆ ಇದು ಗೊತ್ತಾಗದೆ ಇದ್ದೀತೇ? ಲೆಕ್ಕ ಕಲಿಸುವ ಮಾಸ್ತರರು. ಆದರೂ ತಡವರಿಸಿ ಅಂದರು: "ಅದು... ಮೊಬೈಲು ತುಂಬಿದ್ರ ತಾನೇ ತಗೀತಿರಬೇಕ್ರಿ ಅಮ್ಮಾ."

ಅವ್ವ ನನ್ನ ಕಡೆ ತಿರುಗಿದಳು. ಕಾಣದ ಕಣ್ಣೂ ನನ್ನನ್ನೇ ನೋಡಿತು. "ಹೌದು. ಮೊಬೈಲಿಗೆ ಕೈ ಬಂದಾವ ಈಗ" ಎಂದಳು.

ಮುಂದಿನ ಭಾನುವಾರ ಅಳಿಯಂದಿರು ತಾವೇ ರಾಯಚೂರಿನಲ್ಲಿ ಹೊಸ ಫ್ಲೆಕ್ಸ್ ಮಾಡಿಸಿ, ಬಸ್ಸಿನಲ್ಲಿ ಹೆಗಲ ಮೇಲೆ ಹೊತ್ತು ಚೀಕಲಪರ್ವಿಗೆ ತಂದರು. ಅದೇ ಗೋಡೆ, ಅದೇ ಬಿಸಿಲು. ಬಿಚ್ಚಿದಾಗ ನಾನೇ ಎರಡು ಹೆಜ್ಜೆ ಹಿಂದೆ ಸರಿದೆ. ಕೂಸು ಕೊಟ್ಟಿಗೆಯಷ್ಟು ದೊಡ್ಡದಾಗಿ ತಲೆ ಎತ್ತಿ ನೋಡುತ್ತಿತ್ತು. ಕಣ್ಣಿನ ಕಾಡಿಗೆ, ಗಲ್ಲದ ಮೇಲಿನ ದೃಷ್ಟಿಬೊಟ್ಟು, ಮೂಗಿನ ಮೇಲಿನ ಬಿಳಿ ಬಿಳಿ ಚುಕ್ಕೆ ಎಲ್ಲಾ ಇತ್ತು. ತಲೆಯ ತುಂಬ ಉಂಗುರ, ಒಂದೊಂದೂ ಬಳೆಯಷ್ಟು.

ಅವ್ವ ಹತ್ತಿರ ಹೋದಳು. ಮುಖವನ್ನು ಅಲ್ಲಿ ಇಲ್ಲಿ ಹುಡುಕಿ, ಕೂದಲಿನ ಕಡೆ ಬಂದು ನಿಂತಳು. ಬೆರಳಿನಿಂದ ಒಂದು ಉಂಗುರ ಹಿಡಿದು ಅದರ ಗುಂಟ ಸುತ್ತು ಹಾಕಿದಳು. ಇನ್ನೊಂದು. ಮತ್ತೊಂದು. ಕೊಟ್ಟಿಗೆಯೊಳಗೆ ಎಮ್ಮೆ ಕಿವಿ ಬಡಿಯಿತು.

"ಅದಾವ" ಎಂದಳು. "ಎಣ್ಣಿ ಅಲ್ಲ. ಖರೇನ ಗುಂಗುರ ಅದಾವ."

ನಾನು ಉಬ್ಬಿದೆ. "ಹೇಳಿದ್ದಿಲ್ಲೇನು ಬೇ? ನಿನ್ನವು, ನಿನ್ನವು ಅಂತ!"

ಅವ್ವ ಫ್ಲೆಕ್ಸಿನಿಂದ ಕೈ ತೆಗೆದಳು. "ಯಪ್ಪಾ, ಇಲ್ಲಿ ಬಾ. ಬಗ್ಗು" ಎಂದು ಅಳಿಯಂದಿರನ್ನು ಕರೆದಳು. ಅವರು ಬಗ್ಗಿದರು. ಎಣ್ಣೆ ಹಚ್ಚಿ ಒತ್ತಿ ಬಾಚಿದ ಅವರ ತಲೆಯೊಳಗೆ ಅವ್ವ ಹತ್ತೂ ಬೆರಳು ಹಾಕಿ ಕೆದರಿದಳು. ಕೆದರಿದ್ದೇ ತಡ, ಕೂದಲು ಸುರುಳಿ ಸುರುಳಿಯಾಗಿ ಎದ್ದು ನಿಂತಿತು. ಮೂರು ವರ್ಷ ನೆಲ ನೋಡುತ್ತ ನನ್ನ ಮುಂದೆ ಹಿಡಿದ ಅದೇ ತಲೆ. ಮರ್ಯಾದೆಗೆ ನಾನು ಗೋಡೆ ನೋಡುತ್ತ ಕೂತಿರುತ್ತಿದ್ದೆ.

"ಇಲ್ಲಿಂದ ಬಂದಾವ" ಎಂದಳು ಅವ್ವ. "ಜಾಲಹಳ್ಳಿ ಮಾಲು. ನಮ್ಮವಲ್ಲ."

ಮಾನ್ವಿಯ ತುಂಬ, ಗ್ಯಾಸ್ ತರುವವನ ತನಕ, ಇದು ನಮ್ಮ ಅವ್ವನ ಕೂದಲು ಎಂದು ಸಾರಿ ಬಂದಿದ್ದೆ ನಾನು. ಅಳಿಯಂದಿರು ಬಗ್ಗಿದಲ್ಲಿಂದಲೇ ಅಂದರು: "ಇಲ್ಲಮ್ಮಾ, ನಿಮ್ಮವೇ ರೀ. ನಮ್ಮ ಮನ್ಯಾಗ ಹಿಂಗ ಯಾರದೂ ಇಲ್ಲ."

ಆಗ ನನ್ನ ಬಾಯಿಂದ ತಾನಾಗಿಯೇ ಬಂತು, ನಡುವೆ ಮಗಳಿಲ್ಲ, ಮನೆಯಾಕೆ ಇಲ್ಲ: "ಸುಳ್ಳು ಹೇಳಬ್ಯಾಡ್ರಿ ಅಳಿಯಂದ್ರೇ. ಫೋಟೋ ಅಳಿಸಿದಾಂವ ನಾನು. ಅದಕ್ಕೂ ಸುಳ್ಳು ಹೇಳೀರಿ, ಇದಕ್ಕೂ ಹೇಳಾಕತ್ತೀರಿ."

ಅವರು "ಹೂಂ ರೀ" ಎಂದರು. ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿ, "ಮಾವ, ಮುಂದಿನ ಸಲ ಅಳಿಸೋ ಮುಂಚೆ ನನಗೊಂದು ಫೋನ್ ಹಚ್ರಿ" ಎಂದರು.

ಈಗ ನಾನೇ ಸಣ್ಣ ಮಾಡುತ್ತೇನೆ, ಅಂಗಳದಲ್ಲಿ ಈ ವಾಸನೆಯ ನಡುವೆ ಕೂತು. ಮೊದಲು ಎಲ್ಲವನ್ನೂ ಹಾಗೆಯೇ ಬೇರೆ ಕಡೆ ಇಳಿಸುವುದು, ಎಣಿಸುವುದು, ಆಮೇಲೆ ಹೊಸ ಫೋಲ್ಡರ್ ಮಾಡುವುದು, ಅದರೊಳಗೇ ಸಣ್ಣವನ್ನು ಬೀಳಿಸುವುದು. ಹಳೆಯದರ ಮೇಲೆಯೇ ಬರೆಯಲೇ ಎಂದು ಮೊಬೈಲು ಕೇಳಿದರೆ ಬೇಡ ಎನ್ನುವುದು. ಎಲ್ಲಿಯಾದರೂ ತಡವರಿಸಿದರೆ ಅಳಿಯಂದಿರಿಗೆ ಫೋನು. ಅವರಿಗೆ ಪಾಠವಿದ್ದರೂ ಎತ್ತುತ್ತಾರೆ. ದಿನಕ್ಕೆ ಮೂರು ಸಲ ಹಚ್ಚುತ್ತೇನೆಂದು ಮಗಳಿಗೆ ಈಗ ಸಿಟ್ಟು.

ಅವ್ವನ ಕಣ್ಣು ಪೂರ್ತಿ ಹೋಗಿದೆ. ಕಡೆಗೆ ಕಂಡದ್ದೆಂದರೆ ಆ ಗೋಡೆಯ ಮೇಲಿನ ಕೂಸೇ. ಹೋದ ವಾರ ಒಂದೂಕಾಲು ವರ್ಷದ ಮೊಮ್ಮಗಳನ್ನು ಎತ್ತಿಕೊಂಡು ನಾವಿಬ್ಬರೂ, ಮಾವ ಅಳಿಯ, ಚೀಕಲಪರ್ವಿಗೆ ಹೋಗಿದ್ದೆವು. ಜವಳದ ನಂತರ ಹೊಸ ಕೂದಲು ಬಂದಿದೆ. ನೆಟ್ಟಗೆ, ಜೋಳದ ದಂಟು. ನಮ್ಮ ಕಡೆಯದು! ಅದಕ್ಕೆ ಖುಷಿಪಡಬೇಕೋ ಅಳಬೇಕೋ ನನಗಿನ್ನೂ ತಿಳಿದಿಲ್ಲ. ಅವ್ವ ತಲೆ ಸವರಿ ಕೈ ಹಿಂದೆ ತೆಗೆದಳು.

"ಕೂಸು ಬದ್ಲಿ ಮಾಡಿ ತಂದೀರೇನು?"

"ಇಲ್ಲ ಬೇ, ಅದೇ ಕೂಸು. ಹೊಸಾ ಕೂದಲು ಹಿಂಗ ಬಂದಾವ."

ಕೂಸು ಅವ್ವನ ಮೂಗುಬೊಟ್ಟು ಕೀಳುವ ಪ್ರಯತ್ನದಲ್ಲಿತ್ತು.

"ಆ ಮದಲಿಂದು, ಗುಂಗುರಿನ ಫೋಟೋ, ಹುಷಾರಾಗಿ ಇಟ್ಟೀರಿಲ್ಲ?"

"ಮೂರು ಕಡಿ ಇಟ್ಟೀವಿ" ಎಂದೆವು ಇಬ್ಬರೂ ಒಟ್ಟಿಗೇ. ಅಳಿಯಂದಿರು ಬೆರಳು ಮಡಿಚಿ ಹೇಳತೊಡಗಿದರು: ಲ್ಯಾಪ್‌ಟಾಪಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು, ಮಾವನವರ ಮೊಬೈಲಿನಲ್ಲಿ ಒಂದು.

ಅವ್ವ ಕೂಸಿನ ಕೈಯನ್ನು ಮೂಗಿನಿಂದ ಬಿಡಿಸಿ, ಬೆರಳಿನಿಂದ ಗಾಳಿಯಲ್ಲೇ ಒಂದು ಉಂಗುರ ಸುತ್ತಿದಳು.

"ನನ್ನ ಕಡಿ ಒಂದದ. ನಾಕು ಅನ್ರಿ."

ನಾಕು ಎಂದೆವು.